ಒಂದು ತಿಂಗಳ ಅವಕಾಶ

ನಾಗಪುರದ ಆಸ್ಪತ್ರೆಯೊಂದರಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಕೈ ಸ್ವಾಧೀನ ತಪ್ಪಿದವರಿಗೆ ಗುಂಡಿ ಹಾಕಿಕೊಳ್ಳುವುದನ್ನು, ತುತ್ತು ಕಲಸುವುದನ್ನು ಮತ್ತೆ ಕಲಿಸುವ ಕೆಲಸ. ಐವತ್ತರ ದಶಕದ ಕೊನೆಯಲ್ಲಿ ಅದು ಎಷ್ಟು ಹೊಸದೆಂದರೆ ಕಚೇರಿಯವರು ನನ್ನನ್ನು ಒಮ್ಮೆ ನರ್ಸ್ ಎಂದೂ ಒಮ್ಮೆ ಹೊಲಿಗೆ ಟೀಚರ್ ಎಂದೂ ಬರೆಯುತ್ತಿದ್ದರು. ಅನುಭವ ಹೆಚ್ಚಿದಂತೆ ಪಗಾರವೂ ಹೆಚ್ಚುತ್ತದೆ ಎಂದು ಸೇರುವಾಗ ಹೇಳಿದ್ದರು. ಮೂರು ವರ್ಷವಾದರೂ ಮೊದಲ ತಿಂಗಳ ಪಗಾರವೇ. ನರ್ಸುಗಳಿಗೆ ಏರುತ್ತಿತ್ತು, ಟೀಚರುಗಳಿಗೂ ಏರುತ್ತಿತ್ತು. ನಾನು ಯಾವ ಪಟ್ಟಿಯಲ್ಲಿದ್ದೇನೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಆ ವರ್ಷವೇ ರೈಲ್ವೆಯಲ್ಲಿದ್ದ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು.

"ಪಗಾರ ಏರಿದ್ರ ಖೋಲಿ ಮಾಡ್ಕೊಂಡು ಇಲ್ಲೇ ಇರು. ಇಲ್ಲಾಂದ್ರ ನಮ್ಮ ಜೋಡಿ ನಡಿ," ಎಂದರು.

ನನಗೆ ಇರಬೇಕಿತ್ತು. ಹುಬ್ಬಳ್ಳಿಯಲ್ಲಿ ಈ ಕೆಲಸದ ಹೆಸರನ್ನೂ ಯಾರೂ ಕೇಳಿರಲಿಲ್ಲ.

ದೊಡ್ಡ ಡಾಕ್ಟರಿಗೆ ಹೇಳಿಕೊಂಡೆ. ಹಿರಿಯ ಹುದ್ದೆಯೊಂದು ಖಾಲಿ ಇದೆ, ಒಂದು ತಿಂಗಳು ನಿಭಾಯಿಸಿ ತೋರಿಸು, ಕಚೇರಿಗೆ ಅರ್ಜಿ ಕೊಡು ಎಂದರು. ಅಪ್ಪನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಆದರೂ ಹಟಕ್ಕೆ ಬಿದ್ದು ನಾನೇ ಬರೆದೆ. ನನ್ನ ಹಿಂದಿಯೆಂದರೆ ಕನ್ನಡದ ಪದಗಳಿಗೆ ಬಾಲ ಅಂಟಿಸಿದ್ದು. ಮೂರು ವರ್ಷ ದುಡಿದಿದ್ದೇನೆ, "ಏಕ್ ಮಹೀನೇ ಕಾ ಅವಕಾಶ್ ದೀಜಿಯೇ" ಎಂದು ಕೇಳಿದ್ದೆ.

ನಾಲ್ಕೇ ದಿನದಲ್ಲಿ ಆದೇಶ ಬಂತು. ಅವಕಾಶ ಮಂಜೂರು, ಪಗಾರವಿಲ್ಲದೆ. ಪರೀಕ್ಷೆಯ ತಿಂಗಳು ಬಿಟ್ಟಿ ದುಡಿಸುತ್ತಾರೇನೋ ಎಂದುಕೊಂಡು, ಕಾಗದವನ್ನು ಮನೆಯ ಮೇಜಿನ ಮೇಲಿಟ್ಟು ಮಾರನೆಯ ಬೆಳಿಗ್ಗೆ ಹೊಸ ಹುದ್ದೆಗೆ ಹೋದೆ. ಗುಮಾಸ್ತರು ಕಣ್ಣು ಕಣ್ಣು ಬಿಟ್ಟರು.

"ಅರೇ ಬಾಯಿ, ಛುಟ್ಟಿ ಮಾಂಗೀ ಥೀ ನಾ? ಘರ್ ಜಾವೋ!"

ಹಿಂದಿಯಲ್ಲಿ ಅವಕಾಶವೆಂದರೆ ರಜೆಯಂತೆ! ನನಗೆ ಅಳುವೂ ಬಂತು, ಸಿಟ್ಟೂ ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. ರದ್ದು ಮಾಡಿಸಲು ಇನ್ನೊಂದು ಅರ್ಜಿ ಬೇಕು ಎಂದರು. ಈ ಸಲ ಯಾವ ಶಬ್ದವನ್ನು ನಂಬಿ ಬರೆಯಲಿ? ಅಪ್ಪನಿಂದಲೇ ಬರೆಸುವುದೆಂದು ಮನೆಗೆ ಬಂದೆ.

ಅಪ್ಪ ಆದೇಶವನ್ನು ಆಗಲೇ ಓದಿ ಅವ್ವನಿಗೆ ಹೇಳಿಬಿಟ್ಟಿದ್ದರು. ರೈಲ್ವೆ ಪಾಸಿನ ಅರ್ಜಿಯಲ್ಲಿ ನನ್ನ ಹೆಸರನ್ನೂ ಬರೆಯುತ್ತಿದ್ದರು. ಅವ್ವ ಓಡಿ ಬಂದು ನನ್ನ ಕೆನ್ನೆ ಸವರಿದಳು.

"ಸಾಮಾನ ಕಟ್ಟಾಕ ರಜಾ ಹಾಕೀಯಂತಲ್ಲ! ನಮ್ಮನ್ನ ಬಿಟ್ಟಿರಾಕ ನಿನಗೂ ಆಗಂಗಿಲ್ಲ, ಹೌದಿಲ್ಲೋ?"

ಅವ್ವ ಅಷ್ಟು ಖುಷಿಪಟ್ಟದ್ದನ್ನು ನಾನು ಆ ಊರಿನಲ್ಲಿ ಕಂಡಿರಲಿಲ್ಲ. ಅಲ್ಲ ಎನ್ನಲು ಬಾಯಿ ತೆರೆದೆ. ಹೌದು ಎಂದುಬಿಟ್ಟೆ.