ಶಾಂತಕುಮಾರಿ ಎಸೆಯದ ಸ್ಪಂಜು

ಕೊಳೆ ಅಂದರೆ ಮುನೀಂದ್ರನಿಗೆ ಮೈಯೆಲ್ಲ ಉರಿ. ವಿಮಾನಪುರದ ಕ್ವಾರ್ಟರ್ಸಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಆಯಿಲ್ ಫಿಲ್ಟರ್ ಬದಲಾಯಿಸಿದ ಕೈ ಅದು. ಹಳೇದು ಎಸೆ, ಹೊಸದು ಹಾಕು. ಅಲ್ಲಿಗೆ ಅದೇ ಸರಿ, ಬಿಡಿ.

ಮನೆಯ ಮೀನಿನ ತೊಟ್ಟಿ ಮಾತ್ರ ಹೆಂಡತಿ ಶಾಂತಕುಮಾರಿಯದು. ಅದರ ಫಿಲ್ಟರಿನ ಸ್ಪಂಜು ಕಂದುಗಟ್ಟಿದ್ದರೂ ಅವಳು ಎಸೆಯುತ್ತಿರಲಿಲ್ಲ. ಹಿಂದಿನ ಸಾಲಿನ ರಾಮಲಕ್ಷ್ಮಮ್ಮ ಹೊಸ ತೊಟ್ಟಿ ಇಟ್ಟಾಗ ಅದರಲ್ಲೇ ಅರ್ಧ ಕತ್ತರಿಸಿ ಕೊಟ್ಟಿದ್ದಳು. "ಲೇ, ಕೊಳೇನೂ ದಾನ ಮಾಡ್ತೀಯಲ್ಲೇ!" ಅಂತ ಇವನು ನಕ್ಕಿದ್ದ.

ಈ ಆಷಾಢದಲ್ಲಿ ಎದೆನೋವು ಅಂತ ಮಲಗಿದವಳು ಏಳಲೇ ಇಲ್ಲ. ಹನ್ನೊಂದರ ಕಾರ್ಯ ಮುಗಿದ ಮೇಲೆ ಸೂತಕ ಕಳೆಯಲೆಂದು ಮುನೀಂದ್ರ ಮನೆ ತೊಳೆಯಲು ನಿಂತ. ಅಳುವುದನ್ನು ಬಿಟ್ಟು ಉಜ್ಜಿದ, ಉಜ್ಜಿಯೇ ಉಜ್ಜಿದ. ಮಗಳು ಮಧುರಾ ಅಮ್ಮನ ಸ್ವೆಟರ್ ಅವಚಿಕೊಂಡು, "ಇದೊಂದು ಬೇಡಪ್ಪಾ, ಅಮ್ಮನ ವಾಸನೆ ಇದೆ" ಅಂದಳು. "ಸೂತಕದ ಬಟ್ಟೆ ಕಣಮ್ಮ" ಅಂತ ಕಿತ್ತುಕೊಂಡು ಸೋಪಿನ ನೀರಿಗೆ ಹಾಕಿದ. ಫಿಲ್ಟರಿನ ಹಳೇ ಸ್ಪಂಜು, ಸೆರಾಮಿಕ್ ರಿಂಗು ಎಲ್ಲ ಕಸದ ಗಾಡಿಗೆ ಹೋಯಿತು. ಹೊಸ ಸ್ಪಂಜು, ಹೊಸ ರಿಂಗು, ಹೊಸ ಇದ್ದಿಲು ಬಂತು. ನೀರು ಫಳಫಳ ಅಂತಿತ್ತು.

ಐದನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಎರಡು ಸತ್ತವು. ಉಳಿದದ್ದು ಒಂದೇ, ಶಾಂತಕುಮಾರಿಯ ಬೆರಳಿನಿಂದಲೇ ಕಾಳು ತಿನ್ನುತ್ತಿದ್ದ ಕೇಸರಿ ಮೀನು. ಅದೂ ಹೋದರೆ ಮಗಳಿಗೆ ಮುಖ ಹೇಗೆ ತೋರಿಸುವುದು?

ಕಮ್ಮನಹಳ್ಳಿಯ ಸಾಕುಮೀನಿನ ಅಂಗಡಿಗೆ ಓಡಿ, ಎಲ್ಲ ಹೊಸದು ಹಾಕಿದ್ದನ್ನು ಹೇಳಿ, "ಇರೋದ್ರಲ್ಲೇ ಒಳ್ಳೆ ಫಿಲ್ಟರ್ ಸಾಮಾನು ಕೊಡಿ" ಅಂದ. ಅಂಗಡಿಯ ಸುಗತ ಕೊಡಲಿಲ್ಲ.

"ಹೊಸದರಿಂದಾನೇ ಆಗಿರೋದು ಸರ್. ಇದ್ದಿಲು ಬಣ್ಣ, ವಾಸನೆ ತೆಗೆಯುತ್ತೆ, ಅಷ್ಟೇ. ಮೀನಿನ ಹೊಲಸಿನ ವಿಷ ಕಳೆಯೋ ಸೂಕ್ಷ್ಮಜೀವಿಗಳು ಆ ಹಳೇ ಸ್ಪಂಜು, ರಿಂಗಲ್ಲೇ ಮನೆ ಮಾಡಿರ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಜಾಲಿಸಬೇಕು, ನಲ್ಲಿ ನೀರಲ್ಲಿ ತೊಳೆದ್ರೂ ಸಾಯ್ತವೆ. ನೀವು ಪೂರ್ತಿ ಎಸೆದೇಬಿಟ್ರಲ್ಲ! ಚೆನ್ನಾಗಿ ನಡೀತಿರೋ ತೊಟ್ಟಿಯ ಹಳೇ ಸ್ಪಂಜು ಒಂದು ತುಂಡು ಎಲ್ಲಾದ್ರೂ ಸಿಗುತ್ತಾ ನೋಡಿ."

ಮುನೀಂದ್ರ ನೇರ ಹೋಗಿ ನಿಂತದ್ದು ರಾಮಲಕ್ಷ್ಮಮ್ಮನ ಬಾಗಿಲಲ್ಲಿ. ನಡೆದದ್ದನ್ನೆಲ್ಲ ಹೇಳಿದ. ಆಕೆ ವಿಷಯ ತಿಳಿದು ಕಣ್ಣೊರೆಸಿಕೊಂಡು, "ಅವರು ಕೊಟ್ಟಿದ್ದೇ ಅಲ್ವಾ ಅಣ್ಣಾ" ಅಂತ ಆ ಕಂದು ಸ್ಪಂಜನ್ನು ಮತ್ತೆ ಅರ್ಧ ಮಾಡಿದಳು. ಅವನು ಅದನ್ನು ಬೊಗಸೆಯಲ್ಲಿ ಹಿಡಿದು ತಂದು ಫಿಲ್ಟರಿನೊಳಗೆ ಇಟ್ಟ.

ದಿನಾ ಒಂದಿಷ್ಟು ನೀರು ಬದಲಾಯಿಸುತ್ತಾ ಕಾದ. ಎರಡನೇ ವಾರ ಮೀನು ಮೇಲೆ ಬಂದು ಅವನ ಬೆರಳಿಂದ ಕಾಳು ಎಳೆದುಕೊಂಡಿತು. ಖುಷಿಯಿಂದ ಮಗಳನ್ನು ಕರೆಯಲು ತಿರುಗಿದ.

ಮಧುರಾ ಕಿಟಕಿ ಪಕ್ಕ ಕೂತಿದ್ದಳು. ಇಸ್ತ್ರಿಯಾಗಿ ಬಂದ ಆ ಸ್ವೆಟರಿಗೆ ಮೂಗು ಒತ್ತಿ, ಮಡಿಕೆ ಬಿಡಿಸಿ, ಕಂಕುಳ ಹತ್ತಿರ, ಕತ್ತಿನ ಹತ್ತಿರ ಹುಡುಕುತ್ತಿದ್ದಳು.

ಮುನೀಂದ್ರ ಅವಳ ಮುಂದೆ ನೆಲದ ಮೇಲೆ ಕುಸಿದು ಕೂತ. "ತಪ್ಪು ಮಾಡ್ಬಿಟ್ಟೆ ಮಗಳೇ" ಅಂದ. ಈ ವಾಸನೆಯ ಅರ್ಧ ಯಾರ ಮನೆಯಲ್ಲೂ ಇರಲಿಲ್ಲ.