ಬೆನ್ನ ಮೇಲಿನ ಸುಳಿ

ನಮ್ಮ ಕಡೆ ಹೋರಿ ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಸುಳಿ. ಮೈಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ ಎಂದು ನೋಡಿ, ದನದ ಹಣೆಬರಹವನ್ನೂ ಯಜಮಾನನ ಹಣೆಬರಹವನ್ನೂ ಒಟ್ಟಿಗೇ ಓದಿಬಿಡುತ್ತಾರೆ. ನಮ್ಮ ಜೋಡಿಯಲ್ಲಿ ಎಡಗಡೆಯ ಹೋರಿಗೆ ಹೆಗಲ ಮೇಲೆ ಉಬ್ಬಿದ ಹಿಣಿಲಿನ ಹಿಂದೆ, ಬೆನ್ನ ನಡುವೆ ಒಂದು ಸುಳಿ ಇತ್ತು. ಅದು ಮನೆ ಮುರಿಯುವ ಸುಳಿ ಎಂದು ದೊಡ್ಡಬೆಳವಂಗಲದ ಸುತ್ತಮುತ್ತ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದು ಕರುವಾಗಿದ್ದ ವರ್ಷವೇ ಅವ್ವ ತೀರಿಕೊಂಡಿದ್ದರಿಂದ ಯಾರೂ ಬೇರೆ ಸಾಕ್ಷಿ ಕೇಳಲಿಲ್ಲ.

ಅಪ್ಪನೂ ಕೇಳಲಿಲ್ಲ. ಆ ಹೋರಿಯ ಬೆನ್ನನ್ನು ಅವನು ಮುಟ್ಟುತ್ತಿರಲಿಲ್ಲ. ಮೈ ತೊಳೆಯುವುದು, ಉಜ್ಜುವುದು, ಮೇವು ಹಾಕುವುದು ಎಲ್ಲಾ ನನ್ನ ಪಾಲಿಗೆ ಬಂತು. ಅವ್ವ ಹೋದ ಮೇಲೆ ಆ ಮನೆಯಲ್ಲಿ ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದದ್ದು ಅದೊಂದೇ. ಪ್ರೀತಿ ಎನ್ನಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಅದು ಪ್ರೀತಿಯೇ.

ನನಗೆ ಹದಿನೈದು ತುಂಬಿದ ವರ್ಷ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ, ದೊಡ್ಡಬಳ್ಳಾಪುರದಲ್ಲಿ ಸರ್ಕಾರದವರು ದನಗಳ ಪ್ರದರ್ಶನ ಇಡುತ್ತಾರೆಂದು ತಮಟೆ ಹೊಡೆದು ಸಾರಿದರು. ಅವತ್ತು ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದ: "ಆ ಸುಳೀನ ಕಾಣ್ದಂಗೆ ಮಾಡಕ್ಕಾಯ್ತದೇನವ್ವ?"

"ಯಾಕಾಗಲ್ಲ? ಮಾಡ್ತೀನಿ ಬಿಡಪ್ಪ" ಎಂದೆ. ನಾನು ತಿಳಿದುಕೊಂಡದ್ದು ಇಷ್ಟು: ಇದಕ್ಕೆ ಬಹುಮಾನ ಬಂದರೆ ಊರವರ ಬಾಯಿ ಮುಚ್ಚುತ್ತದೆ, ಅಪ್ಪನ ಭಯವೂ ಹೋಗುತ್ತದೆ, ಹೋರಿ ನಮ್ಮ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಯಾಕೆಂದು ಅಪ್ಪನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಎರಡು ತಿಂಗಳು ನನಗೆ ಬೇರೆ ಕೆಲಸವೇ ಇರಲಿಲ್ಲ. ಹುರುಳಿ ಬೇಯಿಸಿ ಹುಚ್ಚೆಳ್ಳಿನ ಹಿಂಡಿ ಕಲಸಿ ಇಡುತ್ತಿದ್ದೆ. ಎಣ್ಣೆಯಂಶ ಹೊಟ್ಟೆಗೆ ಹೋಗದೆ ಕೂದಲಿಗೆ ಹೊಳಪು ಬರುವುದಿಲ್ಲ. ಕೆರೆಯಲ್ಲಿ ತೆಂಗಿನ ನಾರಿನಿಂದ ಉಜ್ಜಿ, ಒಣಗಿದ ಮೇಲೆ ಅಂಗೈಗೆ ಒಂದೇ ಹನಿ ಹರಳೆಣ್ಣೆ ಸವರಿಕೊಂಡು ಕೂದಲು ಬಾಗಿದ ಕಡೆಗೇ ನೀವುತ್ತಿದ್ದೆ. ಎಣ್ಣೆ ಹೆಚ್ಚಾದರೆ ಧೂಳು ಹಿಡಿದು ಚಾಪೆಯ ಹಾಗಾಗುತ್ತದೆ. ಬಾಲದ ಕುಚ್ಚನ್ನು ನನ್ನ ಬಾಚಣಿಗೆಯಲ್ಲೇ ಬಾಚುತ್ತಿದ್ದೆ, ಅಪ್ಪ ನೋಡಿಯೂ ನೋಡದವನಂತೆ ಹೋಗುತ್ತಿದ್ದ. ಸುಳಿಗೆ ಮಾತ್ರ ಲೋಳೆಸರದ ಲೋಳೆ ಹಚ್ಚಿ, ಒದ್ದೆ ಬಟ್ಟೆ ಕಟ್ಟಿ, ಒಂದೊಂದೇ ಎಳೆ ಹಿಂದಕ್ಕೆ ಮಲಗಿಸಬೇಕಿತ್ತು. ಮೊದಮೊದಲು ಬಟ್ಟೆ ತೆಗೆದ ಗಳಿಗೆಯಲ್ಲೇ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು. ಕೊನೆಗೆ ನಾನೇ ಗೆದ್ದೆ. ಅದು ಎಲ್ಲಿತ್ತೆಂದು ಹುಡುಕಲು ನನಗೇ ಬೆರಳು ಬೇಕಾಯಿತು.

ನಾನು ಪಕ್ಕದಲ್ಲಿಲ್ಲದೆ ಬೇರೆಯವರು ಮುಟ್ಟಿದರೆ ಅದು ಒದೆಯುತ್ತಿದ್ದುದರಿಂದ ಅಪ್ಪ ನನ್ನನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದ. ಮೈದಾನದಲ್ಲಿ ದನದ ಡಾಕ್ಟರು ಜೋಡಿಯನ್ನು ನಡೆಸಿ ನೋಡಿದರು. ಮೈಮೇಲೆ ಕೈಯಾಡಿಸಿ "ರೇಷ್ಮೆ ಇದ್ದ ಹಾಗಿದೆಯಲ್ಲಯ್ಯ" ಎಂದರು. ಅವರಿಗೆ ಸುಳಿಯ ಗೊಡವೆ ಇರಲಿಲ್ಲ. ಮೊದಲ ಬಹುಮಾನ ನಮಗೇ ಬಂತು. ಅಪ್ಪನ ತಲೆಗೆ ಪೇಟ ಸುತ್ತಿದರು. ಅವ್ವ ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೇಟ ತೆಗೆಯುವ ಮೊದಲೇ ಹೊಸಕೋಟೆ ಸೀಮೆಯ ಸಮೇತನಹಳ್ಳಿಯ ರೈತರೊಬ್ಬರು ಬಂದು ಅಪ್ಪನ ಕೈ ಹಿಡಿದರು. ಇಬ್ಬರ ಕೈಗಳ ಮೇಲೂ ಟವೆಲ್ ಬಿತ್ತು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದೆಂದರೆ ದನದ ವ್ಯಾಪಾರವಲ್ಲದೆ ಬೇರೇನಲ್ಲ. ಆಗ ನನಗೆ ತಿಳಿಯಿತು. ಅಪ್ಪ ಸುಳಿಯನ್ನು ಮುಚ್ಚಿಸಿದ್ದು ಈ ಹೋರಿಗೆ ಸುಳಿಯಿದೆಯೆಂದು ಗೊತ್ತಿಲ್ಲದ ದೂರದವರಿಗೆ ಅದನ್ನು ದಾಟಿಸಲು.

ನನಗೆ ಮೈಯೆಲ್ಲಾ ಉರಿದುಹೋಯಿತು. ಬಿಂದಿಗೆಯ ನೀರಲ್ಲಿ ಕೈ ಅದ್ದಿ, ಹೋರಿಯ ಬೆನ್ನನ್ನು ಹಿಂದಿನಿಂದ ಮುಂದಕ್ಕೆ, ಕೂದಲಿಗೆ ಎದುರಾಗಿ ಎರಡು ಸಲ ಉಜ್ಜಿದೆ. ಎರಡು ತಿಂಗಳು ಮಲಗಿಸಿದ್ದ ಸುಳಿ ಎರಡೇ ಉಜ್ಜಿಗೆ ಎದ್ದು ನಿಂತಿತು.

ಸಮೇತನಹಳ್ಳಿಯವರ ಕಣ್ಣು ಅಲ್ಲಿಗೇ ಹೋಯಿತು. ಅವರು ಟವೆಲಿನೊಳಗಿಂದ ಕೈ ಎಳೆದುಕೊಂಡರು. "ಸುಳಿ ಮುಚ್ಚಿ ಮಾರಕ್ ಬಂದಿದ್ದೀರಾ ಯಜಮಾನ್ರೇ? ನಂಗೂ ಮಕ್ಳವ್ರೆ" ಎಂದರು. ಜನ ಸೇರಿದರು. ಅಪ್ಪ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನ ಒದ್ದೆ ಕೈ ನೋಡಿ, ಹೋರಿಗಳನ್ನು ಗಾಡಿಗೆ ಹೂಡಿದ. ಊರಿಗೆ ಹಿಂತಿರುಗುವಾಗ ನಾನು ಗಾಡಿಯ ಹಿಂದೆ ಕೂತು, ಉಳಿಸಿಕೊಂಡೆನಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಆ ಸುಳಿಯ ಸುದ್ದಿ ಮೂರು ತಾಲ್ಲೂಕಿಗೆ ಹಬ್ಬಿತು. ಬೇಸಾಯಗಾರ ಯಾರೂ ಅದನ್ನು ಇನ್ನು ಕೊಳ್ಳುವಂತಿರಲಿಲ್ಲ. ಮೋಸಗಾರ ಎನ್ನಿಸಿಕೊಂಡ ಮೇಲೆ ಅದನ್ನು ಕಣ್ಣೆದುರು ಕಟ್ಟಿಕೊಂಡಿರಲು ಅಪ್ಪನಿಂದಲೂ ಆಗಲಿಲ್ಲ. ಬೆಂಗಳೂರು ದಂಡಿನ ಸೋಲ್ಜರುಗಳ ಊಟಕ್ಕೆ ದನ ಹಿಡಿಯುತ್ತಿದ್ದ ದಲ್ಲಾಳಿಗಳು ಆಗ ಹಳ್ಳಿಹಳ್ಳಿ ತಿರುಗುತ್ತಿದ್ದರು. ಎಂಟು ದಿನ ಕಳೆಯುವುದರೊಳಗೆ, ಒಂದು ಬೆಳಿಗ್ಗೆ ಒಬ್ಬ ನಮ್ಮ ಅಂಗಳಕ್ಕೂ ಬಂದ. "ಬ್ಯಾಡ ಕಣಪ್ಪ, ನಿನ್ ಕಾಲಿಗ್ ಬೀಳ್ತೀನಿ" ಎಂದೆ. ಬಿದ್ದೂ ಬಿದ್ದೆ. ಅಪ್ಪ ಕಾಲು ಬಿಡಿಸಿಕೊಂಡು, "ಅವತ್ತೇ ಮಾರಕ್ ಬಿಟ್ಟಿದ್ರೆ ಅದು ಯಾರ ಹೊಲದಲ್ಲಾದ್ರೂ ಬದುಕ್ಕೊಂಡಿರ್ತಿತ್ತು" ಎಂದ.

ದಲ್ಲಾಳಿ ಹಲ್ಲು ನೋಡಲಿಲ್ಲ. ನಾನು ಅವತ್ತೂ ಹರಳೆಣ್ಣೆ ನೀವಿದ್ದ ಬೆನ್ನಿನ ಮೇಲೆ ಕೈಯಿಟ್ಟ. ಅವನ ಹೆಬ್ಬೆರಳು ಸುಳಿಯ ಮೇಲೇ ಇತ್ತು, ಅದೇನೆಂದು ಅವನು ಬಗ್ಗಿಯೂ ನೋಡಲಿಲ್ಲ. ತೊಡೆಯನ್ನೊಮ್ಮೆ ಹಿಸುಕಿ, ತಲೆಯಾಡಿಸಿ, ಹಗ್ಗ ಬಿಚ್ಚಿದ.