ವೈಜಿನಾಥಣ್ಣ ಮಾಸ್ಕ್ ಇಳಿಸಿರಲಿಲ್ಲ

ನಾನು ಸುಳ್ಳು ಹೇಳಿದೆ. ವೈಜಿನಾಥಣ್ಣ ಮಾಸ್ಕ್ ಇಳಿಸಿರಲಿಲ್ಲ. ಇಳಿಸಿದ್ದನೆಂದು ವಿಚಾರಣೆಯಲ್ಲಿ ಹೇಳಿದವಳು ನಾನು — ಬೀದರಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳಲೆಂದೇ ಸಂಬಳ ಪಡೆಯುವವಳು. ಮೂರು ವರ್ಷ ಈ ಮಾತು ನುಂಗಿಕೊಂಡು ದಿನಾ ಭಾಲ್ಕಿಯಿಂದ ಬಂದು ಹೋಗಿದ್ದೇನೆ. ನಾಚಿಕೆಗೇಡು!

ವೈಜಿನಾಥಣ್ಣ ಔರಾದ್ ಕಡೆಯ ಡಾಬಕಾದವ. ಆಮ್ಲದ ಹೊಗೆ ಏಳುವ ವಿಭಾಗದಲ್ಲಿ ಕೆಲಸ. ಅಲ್ಲಿ ಮೂಗು-ಬಾಯಿ ಮುಚ್ಚುವ ರಬ್ಬರ್ ಮಾಸ್ಕ್ ಕೊಡುತ್ತೇವೆ. ಎರಡೂ ಬದಿಗೆ ಅನಿಲ ಹೀರುವ ಡಬ್ಬಿಗಳಿರುತ್ತವೆ. ಡಬ್ಬಿ ಎಷ್ಟೇ ಒಳ್ಳೆಯದಿರಲಿ, ರಬ್ಬರು ಚರ್ಮಕ್ಕೆ ಅಂಟಿ ಕೂರದಿದ್ದರೆ ಎಲ್ಲ ದಂಡ. ಆಗ ಅವನ ಹೆಂಡತಿ ಬಸುರಿ, ಅದೂ ಮದುವೆಯಾಗಿ ಎಷ್ಟೋ ವರ್ಷಕ್ಕೆ. ಹೆಂಡತಿ ಬಸುರಿಯಿದ್ದಾಗ ಗಂಡ ಗಡ್ಡ ತೆಗೆಯಬಾರದೆಂಬುದು ಅವರ ಮನೆಯ ರೂಢಿ.

ಆ ಮುಂಜಾನೆ ಡಬ್ಬಿಗಳ ಮೇಲೆ ಅಂಗೈ ಒತ್ತಿ ಉಸಿರೆಳೆಯಲು ಹೇಳಿದೆ. ಮಾಸ್ಕ್ ಮುಖಕ್ಕೆ ಕಚ್ಚಿಕೊಳ್ಳಬೇಕಿತ್ತು. ಕಚ್ಚಲಿಲ್ಲ. ಗಡ್ಡದ ಸಂದಿನಿಂದ ಗಾಳಿ ನುಸುಳುವುದು ನನಗೂ ಕೇಳಿಸಿತು.

“ಬ್ಲೇಡ್ ಮುಟ್ಟಂಗಿಲ್ರೀ ಅಕ್ಕಾ,” ಎಂದ, ನಾನು ಬಾಯಿ ತೆರೆಯುವ ಮೊದಲೇ. “ಕೂಸಿಂದು ಚಿಂತಿ ಅದ.”

ತೆಗೆಯಿರಿ ಎನ್ನುವ ಧೈರ್ಯ ನನಗಾಗಲಿಲ್ಲ. ನಾಳೆ ಏನಾದರೂ ಹೆಚ್ಚು-ಕಡಿಮೆಯಾದರೆ — ಆ ಭಯ. ಆದರೆ ತೆಗೆಯಬೇಕಾಗಿಯೇ ಇರಲಿಲ್ಲವಲ್ಲ! ತಲೆ, ಮುಖ, ಕುತ್ತಿಗೆ ಎಲ್ಲ ಮುಚ್ಚುವ, ಸೊಂಟದ ಫ್ಯಾನಿನಿಂದ ಸೋಸಿದ ಗಾಳಿ ಊದುವ ಟೊಪ್ಪಿಗೆಯೊಂದು ನನ್ನ ಕಪಾಟಿನಲ್ಲೇ ಇತ್ತು, ಆ ಹೊಗೆಗೆ ಹೊಂದುವ ಡಬ್ಬಿ ಸಮೇತ. ಅದಕ್ಕೆ ಗಡ್ಡವಿದ್ದರೂ ನಡೆಯುತ್ತದೆ. ತಪಾಸಣೆಗೆ ಬರುವ ಸಾಹೇಬರಿಗೆ ತೋರಿಸಲೆಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟಿದ್ದೆ — ಬೀಗರು ಬಂದಾಗ ಮಾತ್ರ ತೆಗೆಯುವ ತಾಟಿನ ಹಾಗೆ.

“ಪಟ್ಟಿ ಇನ್ನಷ್ಟು ಬಿಗಿ ಮಾಡ್ಕೋರಿ ಅಣ್ಣಾ,” ಎಂದೆ. ‘ಸರಿಯಿದೆ’ ಎಂದು ಸಹಿ ಹಾಕಿದೆ.

ಮಧ್ಯಾಹ್ನದೊಳಗೆ ಅವನನ್ನು ಹೊತ್ತು ತಂದರು. ಜೀವ ಉಳಿಯಿತು, ಎದೆ ಮೊದಲಿನಂತಾಗಲಿಲ್ಲ. ಬಿದ್ದವನ ಮಾಸ್ಕನ್ನು ತಾವೇ ಕಿತ್ತುಹಾಕಿದ್ದಾಗಿ ಜೊತೆಯವರು ನನಗೆ ಹೇಳಿದ್ದರು; ವಿಚಾರಣೆಯಲ್ಲಿ ಅವರನ್ನು ಯಾರೂ ಕೇಳಲಿಲ್ಲ, ನನ್ನ ಸುಳ್ಳು ಸಲೀಸಾಗಿ ನಡೆಯಿತು. ಆಸ್ಪತ್ರೆಯಲ್ಲಿ ಅವನೇ ಹೇಳಿದ, “ನನಗ ಏನೂ ನೆಪ್ಪಿಲ್ರೀ ಅಕ್ಕಾ. ನೀವು ಅಂತೀರಿ ಅಂದ್ರ ನಾನೇ ಇಳಿಸಿರಬೇಕು.” ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ! ನಿರ್ಲಕ್ಷ್ಯದವನೆಂಬ ಹೆಸರು ಹೊತ್ತು ಅವನು ಕೆಲಸ ಕಳೆದುಕೊಂಡ. ಬೇರೆ ಕಾರ್ಖಾನೆಯವರೂ ವಿಚಾರಿಸಿ, ಬೇಡವೆಂದರು.

ಕಳೆದ ತಿಂಗಳು ಹೊಸಬನೊಬ್ಬ ಗಡ್ಡ ಬಿಟ್ಟುಕೊಂಡೇ ಕೆಲಸಕ್ಕೆ ಬಂದ. ಮಾಸ್ಕ್ ಕೊಡುತ್ತ ಮೇಸ್ತ್ರಿ ನಕ್ಕ: “ನೋಡಪ್ಪಾ, ಇನ್ನೊಬ್ಬ ವೈಜಿನಾಥ ಆಗಬ್ಯಾಡ.” ಎಲ್ಲರೂ ನಕ್ಕರು. ನಾನು ಕಪಾಟು ತೆರೆದು ಆ ಟೊಪ್ಪಿಗೆಯ ಪ್ಲಾಸ್ಟಿಕ್ ಹರಿದೆ, ಹೊಸಬನ ತಲೆಗೆ ಹಾಕಿದೆ. ಅಂದೇ ನಡೆದದ್ದನ್ನೆಲ್ಲ ಬರೆದು ಮಾಲೀಕರಿಗೂ ಕಾರ್ಖಾನೆಗಳ ಇಲಾಖೆಗೂ ಕೊಟ್ಟೆ. ವಿಚಾರಣೆ ಮತ್ತೆ ನಡೆಯಲಿದೆ. ನನ್ನ ಕೆಲಸ ಹೋದರೆ ಹೋಗಲಿ — ಅವನ ಹೆಸರು ಅವನಿಗೆ ಸಿಗಲಿ.

ಆ ಕಾಗದದ ಪ್ರತಿ ಹಿಡಿದು ಡಾಬಕಾಕ್ಕೆ ಹೋದೆ. ಮಗಳು ಅವನ ತೊಡೆಯೇರಿ ಕೂತಿದ್ದಳು. ಓದಿ ಮುಗಿಸಿದೆ. ಬೈಯುತ್ತಾನೆಂದುಕೊಂಡಿದ್ದೆ.

“ಅಂದ್ರ... ನಾ ಇಳಿಸಿದ್ದಿಲ್ಲ?”

“ಇಲ್ರೀ ಅಣ್ಣಾ. ತಪ್ಪು ನಂದು.”

ಅವನು ಕಣ್ಣೊರೆಸಿಕೊಂಡು ಒಳಗಿದ್ದ ತಾಯಿಯನ್ನು ಕೂಗಿದ. “ಅವ್ವಾ, ಹೊರಗ ಬಾ.” ಆಮೇಲೆ ನನ್ನ ಕಡೆ ತಿರುಗಿದ. “ಇನ್ನೊಮ್ಮಿ ಓದ್ರಿ. ಜೋರಾಗಿ ಓದ್ರಿ. ಓಣಿ ಮಂದಿಗೆಲ್ಲ ಕೇಳಬೇಕು.”

ನಾನು ಎದ್ದು ಬಾಗಿಲಲ್ಲಿ ನಿಂತು, ನನ್ನ ಹೆಸರಿನಿಂದಲೇ ಶುರು ಮಾಡಿದೆ.